ಚಾಂದಸಾಬರ ಹೆಸರಿನ ಮುಂದೆ

ಗಾಂಧಿನಗರದಲ್ಲಿ ಪಕ್ಷದ ಚುನಾವಣಾ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಯಾರ ಜೊತೆಗೂ ಮಾತಾಡಬೇಕಿರಲಿಲ್ಲ. ಕುರುಗೋಡಿನಲ್ಲಿ ಸಾವಿರಾರು ಜನ ಬಿರಿಯಾನಿ ಉಂಡ ಸಭೆಯನ್ನು ವೆಚ್ಚದ ಪುಸ್ತಕದಲ್ಲಿ ‘ಚಹಾ, ಮಂಡಕ್ಕಿ’ ಎಂದು ಬರೆಸಿದರು. ಬರೆದೆ. ನಮಗೇನು, ಅಂದುಕೊಂಡೆ.

ನಿನ್ನೆ ಯರ್ರಿಸ್ವಾಮಿ ಮಾಮ ಸಿರುಗುಪ್ಪದ ಸಭೆಗೆ ಹೊರಡುವ ಅವಸರದಲ್ಲಿ ಹಾಳೆಗಳ ಕಟ್ಟೊಂದನ್ನು ನನ್ನ ಮುಂದಿಟ್ಟರು. ನಮ್ಮ ಕೌಲ್ ಬಜಾರಿನಲ್ಲಿ ಮನೆಮನೆಗೆ ವೋಟಿನ ರೊಕ್ಕ ‘ತಲುಪಿಸುವ’ ಹೊಣೆ ಅವರದು. ದಿನಾ ಬೆಳಿಗ್ಗೆ ಅಬ್ಬಾನ ಹೊಲಿಗೆ ಅಂಗಡಿಯಲ್ಲಿ ಕೂತು ಚಹಾ ಕುಡಿಯುವವರೂ ಅವರೇ.

“ಹೋದ ಸಲದ ಪಟ್ಟಿ ಐತವ್ವ. ನೀಟಾಗಿ ಇಳಿಸಿಬಿಡು.”

ನಮ್ಮ ಓಣಿಯ ಹಾಳೆಯನ್ನು ತೆಗೆದಿಡಲು ಅವರು ಮರೆತಿದ್ದರು.

‘ಚಾಂದಸಾಬ್. ವೋಟು ನಾಲ್ಕು. ತಲುಪಿದೆ.’ ಅಬ್ಬಾನ ಹೆಸರು, ಪಕ್ಕದಲ್ಲಿ ಮಾಮನ ಸಹಿ.

ಪ್ರತಿ ಚುನಾವಣೆಗೂ ಅಬ್ಬಾ ನನ್ನ ಕೈಯಿಂದಲೇ ರಟ್ಟಿನ ಮೇಲೆ ‘ಈ ಮನೆಯ ವೋಟು ಮಾರಾಟಕ್ಕಿಲ್ಲ’ ಎಂದು ಬರೆಸಿ ಅಂಗಡಿಗೆ ತೂಗುಹಾಕುತ್ತಾರೆ. ಓದಿದವರು ನಗುತ್ತಾರೆ. “ನಗಲಿ ಬಿಡು, ಅವರಿಗೆ ನಾಚಿಕಿ ಆಗೇತಿ” ಎನ್ನುತ್ತಾರೆ ಅಬ್ಬಾ. ಅದೇ ಅಬ್ಬಾ ತೆಗೆದುಕೊಂಡರೇ?

ಹಾಳೆಯನ್ನು ದುಪಟ್ಟಾದೊಳಗೆ ಅಡಗಿಸಿಕೊಂಡು ಅಂಗಡಿಗೆ ಬಂದೆ. ಹಾಳೆಯನ್ನು ಅಬ್ಬಾನ ಮುಂದೆ ಹಿಡಿದೆ. ಅಬ್ಬಾ ಕನ್ನಡಕ ಏರಿಸಿ ಎರಡು ಸಲ ಓದಿದರು.

“ಗೌಸ್!” ಎಂದು ಎದುರಿನ ಬಳೆ ಅಂಗಡಿಯ ಮಹಮ್ಮದ್ ಗೌಸರನ್ನು ಕರೆದರು. “ನಾನು ರೊಕ್ಕ ತಗೊಂಡೀನಂತ ಸುದ್ದಿ ಐತೇನು?”

ಗೌಸ್ ಚಾಚಾ ತಲೆ ಕೆರೆದುಕೊಂಡರು. “ಓಣಿಗೆಲ್ಲ ಗೊತ್ತೈತಲ್ಲ ಭಾಯ್. ಬೋರ್ಡು ಹಾಕಿದ್ರ ರೇಟು ಜಾಸ್ತಿ ಸಿಗತೈತಂತ ನಾವು ನಗತಿದ್ವಿ.”

ಅಬ್ಬಾನ ಮುಖ ನೋಡಲಾಗಲಿಲ್ಲ. ಅವರು ಎದ್ದು ಆ ಹಾಳೆಯನ್ನು ರಟ್ಟಿನ ಮೇಲೆ, ನನ್ನ ಅಕ್ಷರಗಳ ಕೆಳಗೆ, ನಾಲ್ಕು ಗುಂಡುಪಿನ್ನು ಚುಚ್ಚಿ ಸಿಕ್ಕಿಸಿದರು. “ನಾ ತಗೊಂಡಿಲ್ಲ. ಇದು ಯರ್ರಿಸ್ವಾಮಿ ಬರಕೊಂಡಿದ್ದು. ಎಲ್ಲಾರೂ ಓದಲಿ.”

ಜನ ಸೇರಿತು. ಅಬ್ಬಾನ ಹೆಸರನ್ನು ಯಾರೂ ನೋಡಲಿಲ್ಲ. ತಂತಮ್ಮ ಹೆಸರು ಹುಡುಕಿದರು.

“ನಮ್ಮ ಮನ್ಯಾಗ ಐದು ವೋಟಂತ ಬರದಾನ! ಮೂರರದಷ್ಟೇ ಕೊಟ್ಟಾನ, ಕಳ್ಳ!” ಎಂದು ಹೂ ಮಾರುವ ಸುಂಕಮ್ಮ ಕೂಗಿದರು.

“ನಂದು ತಲುಪೈತಂತ! ಯಾರಿಗೆ ತಲುಪಿತಲೇ?” ಇನ್ನೊಬ್ಬರು.

ಗೌಸ್ ಚಾಚಾ ಅಬ್ಬಾನ ಹೆಗಲ ಮೇಲೆ ಕೈ ಇಟ್ಟರು. “ಚಿಂತಿ ಮಾಡಬ್ಯಾಡ ಭಾಯ್. ಸಂಜಿಗೆ ಅವನು ಬರಲಿ. ನಿನ್ನ ನಾಲ್ಕು ವೋಟಿಂದೂ ಕೂಡಿಸೇ ಇಸಕೊಂಡು ಕೊಡ್ತೀವಿ.”

“ಅಬ್ಬಾ ರೊಕ್ಕ ಕೇಳ್ತಿಲ್ರೀ!” ಎಂದೆ. ನಾನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು.

ಸುಂಕಮ್ಮ ತಿರುಗಿ ನೋಡಿದರು. “ಹಂಗಾರ ನಿಮ್ಮ ರೊಕ್ಕಾನೂ ನಮಗ ಕೊಡಸವ್ವಾ” ಎಂದರು. ಎಲ್ಲರೂ ನಕ್ಕರು.