ಅಡುಗೆಮನೆಯ ಕಸ

"ಗಟ್ಟಿಯಾಗಿ ಓದು, ವರ್ನೆಲ್. ಹಿಂದೆ ಕೂತೋರಿಗೂ ಕೇಳ್ಲಿ."

ಡೀನ್ ಕ್ಯಾರವೇ ವಿಶ್ವವಿದ್ಯಾಲಯದ ಚರಿತ್ರೆಯ ಪುಸ್ತಕವನ್ನು ಮೇಜಿನ ಮೇಲೆ ಅವಳತ್ತ ತಳ್ಳಿದ. ಆ ಕೋಣೆಯಲ್ಲಿ ಕೂತವರೆಲ್ಲ ಡಾಕ್ಟರುಗಳು. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ, ಇನ್ನೂ ಮೀಸೆ ಸರಿಯಾಗಿ ಬಲಿಯದ ಹೋಲ್ಟ್ ಕೂಡ 'ಡಾಕ್ಟರ್ ಹೋಲ್ಟ್'. ಆರು ವರ್ಷದಿಂದ ಇಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದ ಡಾಕ್ಟರ್ ವರ್ನೆಲ್ ಗ್ಯಾಡ್ಸ್‌ಡೆನ್ ಮಾತ್ರ ಬರೀ ವರ್ನೆಲ್.

ಅವಳು ಓದಿದಳು. "ಹಳೆಯ ಜಮೀನಿನ ಪೂರ್ವದ ಅಂಚಿನಲ್ಲಿ ಸಿಕ್ಕಿರುವ ಒಡಕು ಬಟ್ಟಲು, ಹೂಜಿ, ಕಪ್ಪೆಚಿಪ್ಪುಗಳ ರಾಶಿಯನ್ನು ನೋಡಿದರೆ, ಅದು ದಣಿಗಳ ಅಡುಗೆಮನೆಯ ಕಸ ಸುರಿಯುತ್ತಿದ್ದ ಜಾಗವೆಂದು ತೋರುತ್ತದೆ."

"ಬರ್ದಿದ್ದು ಯಾರು?"

"ನಾನು."

"ಕೇಳಿಸ್ಲಿಲ್ಲ."

"ನಾನೇ ಸಾರ್."

ಆಡಳಿತ ಮಂಡಳಿಯ ಮುದುಕ ಸಿಮ್ಸ್ ಹೊಟ್ಟೆ ಕುಣಿಸಿ ನಕ್ಕ. "ಕರಿಯಳ ಕೈಲೇ ಬರೆಸಿ ಇಟ್ಕೊಂಡಿದೀವಲ್ಲಪ್ಪ! ಇನ್ಯಾವ ನನ್ಮಗ ಬಾಯಿ ಬಿಡ್ತಾನೆ?"

ಹೋದ ವಾರ ಫುಟ್‌ಬಾಲ್ ಮೈದಾನಕ್ಕೆಂದು ಅದೇ ಜಾಗ ಅಗೆಯುತ್ತಿದ್ದಾಗ ಯಂತ್ರದ ಬಾಯಿಗೆ ಒಂದು ಬುರುಡೆ ಸಿಕ್ಕಿತ್ತು. ಆಮೇಲೆ ಇನ್ನೊಂದು. ಊರಿನ ಕಪ್ಪು ಜನ ಬೇಲಿಯಾಚೆ ಬಂದು ನಿಂತರು. ಈಗ ಮೈದಾನದ ಕೆಲಸಕ್ಕೆ ಗುದ್ದಲಿ ಹಾಕುವ ಶನಿವಾರದ ಸಮಾರಂಭದಲ್ಲಿ ವರ್ನೆಲ್ ವೇದಿಕೆ ಹತ್ತಿ ತಾನು ಬರೆದ ಸಾಲನ್ನು ಓದಬೇಕಿತ್ತು. ಅವಳಿಂದ ಬೇಕಾಗಿದ್ದು ಅಷ್ಟೇ.

"ನಾನು ಹೇಳಿದ್ರೆ ಬಿಳೀ ಮನುಷ್ಯ ಸುಳ್ಳು ಹೇಳ್ತಾನೆ ಅಂತಾರೆ. ನೀನು ಹೇಳಿದ್ರೆ ಚರಿತ್ರೆ" ಎಂದ ಡೀನ್. "ಸೋಮವಾರ ನಿನ್ನ ಕೆಲಸ ಖಾಯಂ ಮಾಡೋ ಕಾಗದಕ್ಕೆ ನಾನು ಸಹಿ ಹಾಕ್ಬೇಕು. ಜ್ಞಾಪಕ ಇದೆ ತಾನೆ?"

ಅದು ಅವಳಿಗೆ ನಿದ್ದೆಯಲ್ಲೂ ಜ್ಞಾಪಕವಿತ್ತು. ಸಹಿ ಬೀಳದಿದ್ದರೆ ಮೇ ತಿಂಗಳಿಗೆ ಗಂಟುಮೂಟೆ ಕಟ್ಟಬೇಕು. ಮನೆಯಲ್ಲಿ ಪಾರ್ಶ್ವವಾಯು ಹೊಡೆದು ಮಲಗಿದ ಅಪ್ಪ ಇದ್ದ.

"ಸಾರ್, ಅದು ತಪ್ಪು ಅಂತ ಜೂನ್‌ನಲ್ಲೇ ತಿದ್ದಿ ಬರೆದುಕೊಟ್ಟಿದ್ದೆ. ಅದು ಗುಲಾಮರ ಸ್ಮಶಾನ."

"ಯಾವ ಪುಸ್ತಕದಲ್ಲಿದೆ?"

ಹೇಳಿದವರ ಹೆಸರು ಹೇಳದೆ ಒಂದು ಸಾಲನ್ನೂ ಬರೆಯಬಾರದು ಎಂದು ಅವಳಿಗೆ ಕಲಿಸಿದ್ದರು. ಮಕ್ಕಳಿಗೆ ಅವಳೂ ಅದನ್ನೇ ಕಲಿಸುತ್ತಿದ್ದಳು. ಓದಿದವರ ಆ ಹಾಳು ಅಭ್ಯಾಸ ಅವಳ ಬಾಯಿ ಬಿಡಿಸಿತು.

"ಪುಸ್ತಕದಲ್ಲಿಲ್ಲ. ಓಜೆಲ್ಲಾ ಸ್ಮಾಲ್ಸ್ ಹೇಳಿದ್ದು."

ಎಲ್ಲರೂ ಕತ್ತು ತಿರುಗಿಸಿದರು. ಮೂಲೆಯಲ್ಲಿ ಕಸದ ಬುಟ್ಟಿ ಖಾಲಿ ಮಾಡುತ್ತಿದ್ದ ಓಜೆಲ್ಲಾ ಅಲ್ಲೇ ಕಲ್ಲಾಗಿ ನಿಂತಳು. ಎಪ್ಪತ್ತರ ಹತ್ತಿರದ ಮುದುಕಿ.

"ಓಹೋ, ಪ್ರೊಫೆಸರ್ ಓಜೆಲ್ಲಾ!" ಡೀನ್ ಎದ್ದು ತನ್ನ ಕುರ್ಚಿ ಎಳೆದು ಕೊಟ್ಟ. "ಬಾ, ಕೂತ್ಕೊಂಡು ಪಾಠ ಮಾಡು. ಪೊರಕೆ ಮಾತ್ರ ಆಚೆ ಇಡು."

"ನಮ್ಮವ್ವನ ಅವ್ವ ಅಲ್ಲಿ ಮಲಗವ್ಳೆ ಸಾರ್" ಎಂದಳು ಓಜೆಲ್ಲಾ, ನೆಲ ನೋಡುತ್ತ.

"ಯಾರ ಜೊತೆ?" ಎಂದ ಮುದುಕ ಸಿಮ್ಸ್.

ಕೋಣೆಯೇ ಹಾರಿಹೋಗುವಂತೆ ನಕ್ಕರು. ಹೋಲ್ಟ್ ಮಾತ್ರ ನಗದೆ ಉಗುರು ನೋಡಿಕೊಂಡ. ವರ್ನೆಲ್ ಪುಸ್ತಕ ಮುಚ್ಚಿ ಡೀನ್ ಕಡೆಗೇ ಮೆಲ್ಲಗೆ ತಳ್ಳಿದಳು.

ಸಂಜೆ ನೆಲಮಾಳಿಗೆಗೆ ಇಳಿದು ಹೋದಾಗ ಓಜೆಲ್ಲಾ ಬಕೀಟಿನ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮಿಸ್ ಓಜೆಲ್ಲಾ, ನನ್ನಿಂದ ತಪ್ಪಾಯ್ತು."

"ಯಾವ್ದು? ಒಂದಾ, ಎರಡಾ?" ಸಿಪ್ಪೆಯನ್ನು ನೆಲಕ್ಕೆ ಎಸೆದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ಆ ನೆಲಕ್ಕೆ ಕಸ ಹಾಕಿದ್ದು. "ಬೀಗದಕೈ ಕಿತ್ಕಂಡ್ರು ಕಣ್ ಮಗಾ. ಕಡ್ಲೆಕಾಯಿ ತಿಂದು ಮುಗುಸ್ಕಂಡು ಹೋಗು ಅಂದ್ರು. ದೊಡ್ಡ ಮನಸು, ಸೂಳೇಮಕ್ಕಳದು. ಅವರ ಮುಂದೆ ನನ್ ಹೆಸರು ಯಾಕೆತ್ತಿದೆ ನೀನು?"

ವರ್ನೆಲ್ ಬಗ್ಗಿ ಸಿಪ್ಪೆ ಹೆಕ್ಕಲು ಹೋದಳು.

"ನೀನು ಉತ್ತರದ ಕಡೆ ಡೆಟ್ರಾಯ್ಟ್‌ನಾಗೆ ಬೆಳ್ದೋಳು. ನಿಮ್ಮಪ್ಪ ಇಲ್ಲಿಂದ ಪ್ರಾಣ ಉಳುಸ್ಕಂಡು ಓಡೋದಾಗ ನಮ್ಮ ಪದ್ಧತೀನೂ ಇಲ್ಲೇ ಬುಟ್ಟೋದ, ನಿಂಗೆ ಹೇಳ್ಕೊಡ್ಲಿಲ್ಲ. ಸತ್ತೋರು ಕೊನೇಗೆ ಬಾಯಿಗಿಟ್ಟ ಬಟ್ಲು. ಅದರ ತಳಕ್ಕೆ ತೂತು ಹೊಡ್ದು ಗೋರಿ ಮಣ್ಣಿನ್ ಮೇಲೆ ಮಡಗ್ತೀವಿ. ಒಡೀದಿದ್ರೆ ಮನೇಲಿ ಇನ್ನೊಬ್ಬರು ಅವರ ಹಿಂದೇನೇ ಹೋಯ್ತಾರೆ. ಇದನ್ನ ನಾನ್ ಹೇಳಾಗಂಟ ನಿನ್ನ ಪುಸ್ತಕದಾಗೆ ಅದು ಕಸ."

"ಗೊತ್ತಿರಲಿಲ್ಲ."

"ಬಿಳಿಯನೊಬ್ಬ ಕಸ ಅಂದಿದ್ರೆ ಉಗುದು ಸುಮ್ಕಾಯ್ತಿದ್ದೆ. ನೀನಂದೆಯಲ್ಲ." ಮುದುಕಿ ಇನ್ನೊಂದು ಕಡಲೆಕಾಯಿ ಒಡೆದಳು. "ಶನಿವಾರ ಓದೀಯಾ?"

"ಅಪ್ಪನ್ನ ಎಲ್ಲಿಟ್ಕೊಳ್ಳಲಿ, ಮಿಸ್ ಓಜೆಲ್ಲಾ?"

ಓಜೆಲ್ಲಾ ಕಪಾಟಿನಿಂದ ತನ್ನ ಹಳೇ ಟೀ ಬಟ್ಟಲನ್ನು ತೆಗೆದು ತನ್ನ ಅಂಗಿಯ ಚುಂಗಿನಲ್ಲೇ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲು ಹತ್ತಿ ಹೋದಳು.

ಶನಿವಾರ ಬ್ಯಾಂಡು ಬಾರಿಸಿತು. ಶಾಮಿಯಾನದ ಕೆಳಗೆ ಬಿಳಿ ಟೋಪಿಗಳು, ಸಿಹಿ ಟೀ, ಚಿನ್ನದ ಬಣ್ಣ ಬಳಿದ ಗುದ್ದಲಿಗಳು. ಹಿಂದೆ ಹಳದಿ ಅಗೆಯುವ ಯಂತ್ರ ಬಾಯಿ ತೆರೆದು ನಿಂತಿತ್ತು. ಅದರೊಳಗೆ ಓಜೆಲ್ಲಾಳ ತಂಗಿಯ ಮಗ ಸೀಫಸ್ ಕೂತಿದ್ದ. ಬೇಲಿಯಾಚೆ ಓಜೆಲ್ಲಾ ಮತ್ತು ಅವಳ ಚರ್ಚಿನ ಹತ್ತಾರು ಜನ. ವರ್ನೆಲ್‌ಳನ್ನು ಮುಂದಿನ ಸಾಲಿನಲ್ಲಿ, ಫೋಟೋದಲ್ಲಿ ಚೆನ್ನಾಗಿ ಬೀಳುವ ಕಡೆ ಕೂರಿಸಿದ್ದರು. ಕೆಲಸಕ್ಕೆ ಸೇರಿದ ದಿನ ವಿಶ್ವವಿದ್ಯಾಲಯ ಕೊಟ್ಟಿದ್ದ, ಲಾಂಛನವಿರುವ ಕಾಫಿ ಬಟ್ಟಲು ಅವಳ ಕೈಯಲ್ಲಿತ್ತು.

"ನಮ್ಮ ಹೆಮ್ಮೆಯ ವರ್ನೆಲ್" ಎಂದು ಡೀನ್ ಕರೆದ.

ಅವಳು ಬಟ್ಟಲು ಹಿಡಿದೇ ವೇದಿಕೆ ಹತ್ತಿ ಆ ಸಾಲನ್ನು ಕೊನೆಯವರೆಗೂ ಓದಿದಳು. ಚಪ್ಪಾಳೆ ಬಿತ್ತು. ಬೇಲಿಯಾಚೆ ಯಾರೋ ಥೂ ಎಂದು ಉಗಿದದ್ದೂ ಕೇಳಿಸಿತು.

"ಇದನ್ನು ಬರೆದದ್ದು ನಾನು" ಎಂದಳು. "ಇದು ಸುಳ್ಳು. ಇಲ್ಲಿ ನಮ್ಮವರನ್ನು ಹೂತಿದ್ದಾರೆ. ಡೀನ್ ಅವರಿಗೆ ಜೂನ್‌ನಿಂದಲೂ ಗೊ—"

ಮೈಕು ಸತ್ತಿತು. ಡೀನ್ ಕೈ ಆಡಿಸಿದ್ದೇ ತಡ ಬ್ಯಾಂಡು ಶುರುವಾಯಿತು. ಅವಳು ಕಿರುಚಿದ್ದು ಮೊದಲ ಸಾಲಿಗೂ ಕೇಳಲಿಲ್ಲ. ಕೆಲವರು ಪಾಪ ಎನ್ನುವಂತೆ ನೋಡಿದರು, ಕೆಲವರು ಟೀ ಗುಟುಕರಿಸಿದರು.

ವರ್ನೆಲ್ ಬಟ್ಟಲಲ್ಲಿದ್ದ ಕಾಫಿಯನ್ನು ಕೊನೆಯ ತೊಟ್ಟಿನವರೆಗೂ ಕುಡಿದಳು. ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿ, ಅಲ್ಲೇ ಒರಗಿಸಿದ್ದ ಚಿನ್ನದ ಬಣ್ಣದ ಗುದ್ದಲಿಯ ಮೂಲೆಯಿಂದ ತಳಕ್ಕೆ ಕುಟ್ಟಿದಳು. ಮೂರನೆಯ ಏಟಿಗೆ ತೂತು ಬಿತ್ತು. ವೇದಿಕೆ ಇಳಿದು, ಅಗೆದ ಮಣ್ಣಿನ ಮೇಲೆ ನಡೆದುಹೋಗಿ ಅದನ್ನು ಬಾಯಿ ಮೇಲಾಗಿ ಇಟ್ಟಳು. ಇಬ್ಬರು ಪೊಲೀಸರು ಅವಳನ್ನು ಪಕ್ಕಕ್ಕೆಳೆದು, ತೋಳು ತಿರುಚಿ ಬೋರಲಾಗಿ ಕೆಡವಿದರು. ಒಂದು ಚಪ್ಪಲಿ ಕಳಚಿ ಹೋಯಿತು.

"ಕ್ಷಮಿಸಿ" ಎಂದ ಡೀನ್, ಮತ್ತೆ ಜೀವ ಬಂದ ಮೈಕಿನಲ್ಲಿ. "ಪಾಪ, ತಲೆ ಸ್ವಲ್ಪ ಸರಿಯಿಲ್ಲ. ಕೆಲಸ ಖಾಯಂ ಆಗ್ಲಿಲ್ಲ ನೋಡಿ." ಆಮೇಲೆ ಯಂತ್ರದತ್ತ ಕೂಗಿದ. "ನಡೆಸೋ!"

ಸೀಫಸ್ ಬೇಲಿಯತ್ತ ನೋಡದೆ ಹಿಡಿಕೆ ತಳ್ಳಿದ. ಯಂತ್ರ ಮುಂದಕ್ಕೆ ಹೊರಟಿತು. ಮಣ್ಣಿನಲ್ಲಿ ಕೆನ್ನೆಯಿಟ್ಟಿದ್ದ ವರ್ನೆಲ್‌ಗೆ ಅದರ ಅದುರಾಟ ಎದೆಗೂಡಿಗೆ ತಾಗುತ್ತಿತ್ತು. ಅಷ್ಟರಲ್ಲಿ ಬೇಲಿಯ ಕಬ್ಬಿಣದ ಕಂಬಕ್ಕೆ ಏನೋ ಕುಟ್ಟಿದ ಸದ್ದು. ಓಜೆಲ್ಲಾಳ ಟೀ ಬಟ್ಟಲು. ಅವಳ ಪಕ್ಕದವರೂ ತಮ್ಮ ತಮ್ಮ ಬಟ್ಟಲು ತೆಗೆಯಲು ಚೀಲಕ್ಕೆ ಕೈ ಹಾಕುತ್ತಿದ್ದರು.

"ಸೀಫಸ್, ನಿಧಾನಕ್ಕೆ ಓಡ್ಸೋ ಮಗಾ!" ಮುದುಕಿಯ ದನಿ ಬ್ಯಾಂಡಿಗಿಂತ ಮೇಲೆ ಎದ್ದಿತು. "ಕೆಳಗೆ ನಿಮ್ಮಜ್ಜಿಯ ಅವ್ವ ಮಲಗವ್ಳೆ, ನೋವಾದಾತು!"

ಯಂತ್ರದ ಬಾಯಿ ಬಟ್ಟಲಿನಿಂದ ಒಂದು ಗೇಣು ಮೇಲೆ ನಿಂತುಬಿಟ್ಟಿತು.

"ನಡೆಸೋ ಬೋಳಿಮಗನೆ!" ಎಂದು ಡೀನ್ ಎಲ್ಲರ ಎದುರಿಗೇ ಅರಚಿದ. "ನಿನ್ನ ಕೆಲಸಾನೂ ಬೇಡವೇನೋ?"

ಯಂತ್ರ ಇಳಿಯಲೂ ಇಲ್ಲ, ಏರಲೂ ಇಲ್ಲ. ಎಂಜಿನ್ ಗುರುಗುಡುತ್ತಲೇ ಇತ್ತು. ಅದರ ಕಬ್ಬಿಣದ ಹಲ್ಲುಗಳ ಸಂದಿಯಿಂದ ಮಣ್ಣು ಬಟ್ಟಲೊಳಗೆ ಸ್ವಲ್ಪ ಸ್ವಲ್ಪವೇ ಉದುರುತ್ತಿತ್ತು.