ತುಕ್ಕಿನ ಅಳತೆ

ಹಿಂದಿನ ಕೋಣೆಯಲ್ಲಿ ಮಗಳು ತಂತಿ ಉಜ್ಜುತ್ತಿದ್ದಳು. ಮೊಳದುದ್ದದ ಹಳೆಯ ಪಿಯಾನೊ ತಂತಿ, ಮೈತುಂಬ ತುಕ್ಕು. ಉಪ್ಪುಕಾಗದವನ್ನು ಬೆರಳುಗಳ ನಡುವೆ ಮಡಚಿ ಹಿಡಿದು ತುದಿಯಿಂದ ಸರಿಯಾಗಿ ಅರ್ಧದವರೆಗೆ ಎಳೆದಳು. ಮತ್ತೆ ಮತ್ತೆ ಎಳೆದಳು. ಅರ್ಧ ತಂತಿ ಬೆಳ್ಳಗೆ ಹೊಳೆಯಿತು. ಉಳಿದರ್ಧವನ್ನು ಬೇಕೆಂದೇ ಹಾಗೆ ಬಿಟ್ಟಳು. ಮಡಿಲಿಗೆ ಉದುರಿದ ಕೆಂಪು ಪುಡಿ ಕೊಡವಿಕೊಂಡು, ತಂತಿಯನ್ನು ಅಪ್ಪ ದಪ್ಪ ಅಳೆಯುತ್ತಿದ್ದ ಮೈಕ್ರೋಮೀಟರಿನ ಡಬ್ಬಿಯೊಳಗಿಟ್ಟು ಎದ್ದಳು.

ಮುಂದಿನ ಕೋಣೆಯಲ್ಲಿ ಅಪ್ಪ ಶವಪೆಟ್ಟಿಗೆಯೊಳಗೆ ಮಲಗಿದ್ದ. ತಲೆಯ ಹತ್ತಿರ ಅಮ್ಮ ಕೂತಿದ್ದಳು. ಪೆಟ್ಟಿಗೆ ಮಾಡಿದ ಬಡಗಿ ಪಕ್ಕದವರಿಗೆ ಪಿಸುಗುಟ್ಟುತ್ತಿದ್ದ.

"ಮೂರು ಕಡೆ ಅಳತೆ ತಗೊಂಡೆ ಕಣ್ರೀ. ಭುಜ, ಸೊಂಟ, ಕಾಲು. ಒಂದೇ ಕಡೆ ತಗೊಂಡಿದ್ರೆ ಈ ಮಹರಾಯ ಎದ್ದು ಕೂತು ಬೈದುಬಿಡೋನು."

ಯಾರೋ ನಕ್ಕು, ನಗುವನ್ನು ಕೆಮ್ಮು ಮಾಡಿಕೊಂಡರು.

ಅಷ್ಟರಲ್ಲಿ ಮಾವ ಬಂದ. ಅಮ್ಮನ ಅಣ್ಣ, ಪಿಯಾನೊ ಅಂಗಡಿಯ ಯಜಮಾನ. ಇವರಿದ್ದ ಮನೆಯೂ ಅವನದೇ. ಅವನ ಹಿಂದೆ ಕೋಲೂರಿಕೊಂಡು ಸಂಗೀತದ ಟೀಚರು ಬಂದರು.

"ಒಳ್ಳೆ ಕೈ ಇವನದು," ಎಂದ ಮಾವ, ಎಲ್ಲರಿಗೂ ಕೇಳುವ ಹಾಗೆ. "ಟೀಚರ್ ಪಿಯಾನೊ ಒಂದನ್ನ ಹಾಳು ಮಾಡಿದ, ನಿಜ. ಅಳತೆ ತಪ್ಪಿದ. ಇವತ್ತು ಅದನ್ನೆಲ್ಲ ಕ್ಷಮಿಸಿಬಿಡೋಣ."

"ನಮ್ಮ ತಂದೆ ನನಗೆ ಅಂತ ಬಿಟ್ಟುಹೋಗಿದ್ದು ಅದೊಂದೇ," ಎಂದರು ಟೀಚರು. "ಇರಲಿ. ಹೋದೋರ ಮೇಲೇನು ಸಿಟ್ಟು."

ಬಾಗಿಲಲ್ಲಿ ನಿಂತಿದ್ದ ಮಗಳ ಕಿವಿ ಕಾದವು. ಕ್ಷಮಿಸುತ್ತಾನಂತೆ!

*

ಒಂಬತ್ತು ವರ್ಷದ ಹಿಂದೆ ಅಪ್ಪ ಮಾವನ ಅಂಗಡಿಯಲ್ಲೇ ಕೆಲಸಕ್ಕಿದ್ದ. ಟೀಚರ ಗ್ರ್ಯಾಂಡ್ ಪಿಯಾನೊ ರಿಪೇರಿಗೆ ಬಂದ ವಾರವೇ ಜ್ವರ ಬಂದು ಮಲಗಿದ.

ಹಳೆಯ ತಂತಿ ಎಷ್ಟು ದಪ್ಪವಿತ್ತೋ ಹೊಸದೂ ಅಷ್ಟೇ ಇರಬೇಕು. ಅಪ್ಪ ಪ್ರತಿ ತಂತಿಯನ್ನೂ ಲೋಹ ಕಾಣುವವರೆಗೆ ಉಜ್ಜಿ, ಮೂರು ಕಡೆ ಅಳೆದು, ಆಮೇಲೆ ಬರೆದುಕೊಳ್ಳುವವನು. "ತುಕ್ಕನ್ನ ಅಳೀಬಾರದು ಪುಟ್ಟಿ, ತಂತೀನ ಅಳೀಬೇಕು," ಎನ್ನುತ್ತಿದ್ದ.

ಮಾವನಿಗೆ ಅವಸರ. ತುಕ್ಕು ಸಮೇತ ಅಳೆದು, ಒಂದೊಂದಕ್ಕೂ ಅಳತೆ ಬರೆದ ಚೀಟಿ ಕಟ್ಟಿ, ಹೊಸದು ತರಿಸಿ, ಹಳೆಯದನ್ನೆಲ್ಲ ಗುಜರಿಗೆ ಎಸೆದ. ಹೊಸ ತಂತಿಗಳೆಲ್ಲ ಇರಬೇಕಾದ್ದಕ್ಕಿಂತ ಒಂದೊಂದು ನಂಬರು ದಪ್ಪ ಬಂದವು. ಇನ್ನೂರಕ್ಕೂ ಹೆಚ್ಚು ತಂತಿ. ಬಿರಡೆ ತಿರುಗಿಸಿ ಶ್ರುತಿಗೆ ತಂದ ಮೂರನೇ ದಿನ, ದಪ್ಪ ತಂತಿಗಳ ಹೆಚ್ಚಿನ ಬಿಗಿತ ತಾಳಲಾರದೆ ಒಳಗಿನ ಎರಕದ ಕಬ್ಬಿಣದ ಚೌಕಟ್ಟು ಸೀಳಿತು. ಟೀಚರ ಮುಂದೆ ಮಾವ ಕಣ್ಣು ಮಿಟುಕಿಸದೆ ಹೇಳಿದ: "ಅಳತೆ ತಗೊಂಡಿದ್ದು ನಮ್ಮ ತಂಗಿ ಗಂಡ."

ಗುಜರಿ ರಾಶಿಯಲ್ಲಿ ಒಂದು ತಂತಿ ಮಾವನ ಅಕ್ಷರದ ಚೀಟಿ ಸಮೇತ ಸಿಕ್ಕಿದ್ದು ಹನ್ನೆರಡು ವರ್ಷದ ಮಗಳಿಗೆ. ಅಪ್ಪ ಅದನ್ನು ತುಂಬ ಹೊತ್ತು ನೋಡಿದ. ಅಮ್ಮ ಅವನ ಕೈ ಹಿಡಿದುಕೊಂಡಳು. "ಅಣ್ಣ ಆಚೆ ಹಾಕಿದ್ರೆ ಮಗು ಕಟ್ಕೊಂಡು ಎಲ್ಲಿಗೆ ಹೋಗೋಣ? ನನಗೋಸ್ಕರ ಸುಮ್ಮನಿರಿ."

ಅಪ್ಪ ಸುಮ್ಮನಾದ. ಮತ್ತೆ ಯಾರೂ ಅವನಿಗೆ ಪಿಯಾನೊ ಮುಟ್ಟಲು ಕೊಡಲಿಲ್ಲ. ಸೈಕಲ್ ಚಕ್ರದ ಕಡ್ಡಿ ಬಿಗಿಯುತ್ತ, ಒಂದೊಂದನ್ನೂ ಉಗುರಿನಿಂದ ಮೀಟಿ ಕಿವಿಗೊಡುತ್ತ ಕಾಲ ಕಳೆದ. ಶಾಲೆ ಬಿಟ್ಟ ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ನಾಲ್ಕು ಜನರ ಮುಂದೆ ಬಾಯಿ ಬಾರದ ಹುಡುಗಿ, ಒಂದೇ ಒಂದು ಮಾತನ್ನು ಒಂಬತ್ತು ವರ್ಷ ಮನಸ್ಸಿನಲ್ಲೇ ಮಸೆದಿಟ್ಟುಕೊಂಡಳು.

*

"ಹೊತ್ತಾಯ್ತು, ಮುಚ್ಚಳ ಹಾಕಿ," ಎಂದ ಮಾವ.

ಮಗಳು ಬಂದು ಅವನ ಮುಂದಿನ ಬೆಂಚಿನ ಮೇಲೆ ಡಬ್ಬಿ ತೆರೆದಿಟ್ಟಳು.

"ಏನಮ್ಮ ಇದು?"

"ಟೀಚರ್ ಪಿಯಾನೊ ತಂತಿ." ತಂತಿಗೆ ಕಟ್ಟಿದ್ದ ಚೀಟಿಯನ್ನು ಮೇಲೆ ಮಾಡಿದಳು. "ಚೀಟಿ ಮೇಲಿರೋ ಅಳತೆ ನೀವು ಬರೆದಿದ್ದು."

ಟೀಚರು ಬಗ್ಗಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. "ನಿಮ್ಮ ಅಕ್ಷರವೇ," ಎಂದರು ಮೆಲ್ಲಗೆ.

"ತುಕ್ಕಿರೋ ಕಡೆ ಅಳೆದ್ರೆ ಚೀಟೀಲಿರೋದೇ ಬರುತ್ತೆ. ಉಜ್ಜಿರೋ ಕಡೆ ಬರಲ್ಲ," ಎಂದಳು ಮಗಳು.

"ಹೆಣದ ಮುಂದೆ ಇದೆಲ್ಲ ಬೇಕಾ?" ಮಾವ ತಂಗಿಯ ಕಡೆ ತಿರುಗಿದ. "ಮಗಳಿಗೆ ಬುದ್ಧಿ ಹೇಳು. ನಾಳೆಯೂ ಈ ಮನೇಲೇ ಇರಬೇಕಲ್ಲ ನೀವು? ಅಳೆಯೋಕೆ ನನ್ನ ಹತ್ರ ಕನ್ನಡಕ ಬೇರೆ ಇಲ್ಲ."

ಬೆಳಗಿನಿಂದ ಕದಲದ ಅಮ್ಮ ಎದ್ದಳು. ಪೆಟ್ಟಿಗೆಯೊಳಗೆ ಕೈ ಹಾಕಿ ಗಂಡನ ಅಂಗಿಯ ಜೇಬಿನಿಂದ ಕನ್ನಡಕ ತೆಗೆದಳು. ಸೆರಗಿನಿಂದ ಒರೆಸಿ, ಅಣ್ಣನ ಮುಂದಿಟ್ಟಳು.

"ನೀನೂನಾ?" ಎಂದ ಅವನು.

ಅಮ್ಮ ಹೋಗಿ ತನ್ನ ಜಾಗದಲ್ಲಿ ಕೂತಳು. ಮುಚ್ಚಳ ಎತ್ತಿದ್ದ ಬಡಗಿ ಅದನ್ನು ಮತ್ತೆ ಗೋಡೆಗೆ ಒರಗಿಸಿದ. ಬೆಂಚಿನ ಮೇಲೆ ಸತ್ತವನ ಕನ್ನಡಕ ಕಾಲು ಬಿಚ್ಚಿಕೊಂಡು ಮಾವನನ್ನೇ ನೋಡುತ್ತಿತ್ತು.

ಮಗಳು ಮೈಕ್ರೋಮೀಟರನ್ನು ಅವನತ್ತ ಚಾಚಿದಳು.

"ಒಂದ್ಸಲ ಅಳೀರಿ, ಮಾವ."