ಕೊಯ್ದ ಸೈಲೆನ್ಸರ್

ಆ ಬೆಳಿಗ್ಗೆ ಮಡಂತ್ಯಾರಿನ ಪೇಟೆ ರಸ್ತೆಯಲ್ಲಿ ಭೋಜ ಹೆಗ್ಡೆಯವರು ತಮ್ಮ ಮೋಟಾರ್ ಸೈಕಲನ್ನು ತಾವೇ ತಳ್ಳಿಕೊಂಡು ಬರುತ್ತಿದ್ದರು. ಬಿಳಿ ಜುಬ್ಬಾ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು. ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್ ಧರ್ಣಪ್ಪನಿಗೆ ಅದನ್ನು ನೋಡಿ ಹಾಲು ಕುಡಿದಷ್ಟು ಸಂತೋಷವಾಯಿತು. ಓಡಿಹೋಗಿ ಕೈಕೊಡಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ.

ಅನ್ನಿಸುವುದಾದರೂ ಹೇಗೆ? ಯುದ್ಧಕಾಲದ ಆ ಮಿಲಿಟರಿ ಗಾಡಿಯನ್ನು ಹರಾಜಿನಲ್ಲಿ ಕೊಂಡ ಹೆಗ್ಡೆಯವರು ಮೊದಲು ಮಾಡಿಸಿದ ಕೆಲಸವೆಂದರೆ ಅದರ ಸೈಲೆನ್ಸರನ್ನು ಬುಡದಲ್ಲೇ ಕೊಯ್ಯಿಸಿದ್ದು. ಇನ್ನು ಹಾರ್ನ್ ಯಾಕೆ ಎಂದು ಅದನ್ನೂ ಕಿತ್ತು ಹಾಕಿಸಿದರು. ಗಾಡಿಯ ಆರ್ಭಟ ಮೈಲಿ ದೂರಕ್ಕೆ ಕೇಳುತ್ತಿತ್ತು. ಕೇಳಿದೊಡನೆ ಅವರ ಒಕ್ಕಲುಗಳು ರಸ್ತೆಯಿಂದ ಕೆಳಗಿಳಿದು, ತಲೆಯ ಮೇಲಿನ ಅಡಿಕೆಹಾಳೆಯ ಟೊಪ್ಪಿ ಮುಟ್ಟಾಳೆಯನ್ನು ತೆಗೆದು, ಧನಿಗಳು ದಾಟುವವರೆಗೆ ತಗ್ಗಿ ನಿಲ್ಲಬೇಕು. ಹೋದ ವರ್ಷ ಧರ್ಣಪ್ಪನ ಅಪ್ಪ ಜತ್ತಪ್ಪ ಸೊಪ್ಪಿನ ಹೊರೆ ಹೊತ್ತು ಬರುವಾಗ ಆ ಸದ್ದು ಕೇಳಿಸಿತು. ಹೊರೆ ಇಳಿಸಿ ಮುಟ್ಟಾಳೆ ತೆಗೆಯುವ ಗಡಿಬಿಡಿಯಲ್ಲಿ ಮುದುಕ ರಸ್ತೆ ಬದಿಯ ತೋಡಿಗೆ ಬಿದ್ದು ಕಾಲು ಮುರಿದುಕೊಂಡ. ಗಾಡಿ ನಿಲ್ಲಲಿಲ್ಲ. ಅಪ್ಪ ಬಿದ್ದಲ್ಲಿಂದಲೇ ಮುಟ್ಟಾಳೆ ಎತ್ತಿ ಹಿಡಿದಿದ್ದನಂತೆ!

"ಇದಕ್ಕೆ ಎಂತ ರೋಗ ನೋಡು ಮಾರಾಯ," ಎಂದರು ಹೆಗ್ಡೆಯವರು. "ಏರು ಹತ್ತುದಿಲ್ಲ. ಇಳಿಯುವಾಗ ಹಿಂದಿನಿಂದ ಪಟಾಕಿ ಹೊಡೆದ ಹಾಗೆ ಆಗ್ತದೆ. ನಾಡಿದ್ದು ನನಗೆ ಮುಂಡಾಜೆಗೆ ಹೋಗ್ಲಿಕ್ಕುಂಟು."

ಧರ್ಣಪ್ಪ ಕಿಕ್ ಒತ್ತಿದ. ತಡೆಯೇ ಇಲ್ಲದೆ ಕಾಲು ಸಲೀಸಾಗಿ ಕೆಳಗಿಳಿಯಿತು. ಮತ್ತೆ ಮೆಲ್ಲನೆ ಒತ್ತಿ, ಕೊಯ್ದ ಕೊಳವೆಯ ಬಾಯಿಗೆ ಕಿವಿಯಿಟ್ಟ; ಒಳಗಿನಿಂದ ಸುಯ್ಯೆಂದು ಗಾಳಿ ಸೋರುತ್ತಿತ್ತು. ಬಿಚ್ಚಿದ ಪ್ಲಗ್ಗಿನ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕೊಳವೆಯ ಬುಡ ಕಾದು ಕಾದು ನೀಲಿಯಾಗಿತ್ತು.

"ಹೊಗೆ ಹೋಗುವ ಬದಿಯ ವಾಲ್ವ್ ಸುಟ್ಟಿದೆ ಧನಿಗಳೇ. ಸೈಲೆನ್ಸರ್ ಕೊಯ್ದದ್ದಕ್ಕೆ ಈ ಅವಸ್ಥೆ. ಹೊಸತು ಹಾಕಿದರೆ ಅದೂ ಸುಡ್ತದೆ."

"ಸೈಲೆನ್ಸರ್ ವಿಷಯ ಬಿಡು. ನನ್ನಜ್ಜ ಹೊರಟರೆ ಮುಂದೆ ಒಬ್ಬ ಕೂಗಿಕೊಂಡು ಓಡ್ತಿದ್ದ. ನನಗೆ ಈ ಶಬ್ದವೇ ಸಾಕು. ಇದೆಲ್ಲ ನಾನು ಮಾಡಿದ ಕ್ರಮವಾ? ಹಿರಿಯರದ್ದು. ಒಮ್ಮೆ ಸಡಿಲ ಬಿಟ್ಟರೆ ನಾಳೆ ಒಕ್ಕಲುಗಳು ಮಾತು ಕೇಳ್ತಾರಾ?"

ಅವರು ಅತ್ತ ಹೋದದ್ದೇ ತಡ, ಧರ್ಣಪ್ಪ ಸ್ಪ್ಯಾನರ್ ಹಿಡಿದು ಮುಂದಿನ ಚಕ್ರದ ಬಳಿ ಕುಳಿತ. ನಟ್ಟು ಸಡಿಲಿಸಿದ. ಅದನ್ನು ಬಿಗಿದಿಡುವ ಪಿನ್ ತೆಗೆದು ಕಿಸೆಗೆ ಹಾಕಿದ. ಮುಂಡಾಜೆಯ ದಾರಿಯ ಇಳಿಜಾರಿನಲ್ಲಿ ಚಕ್ರ ಕಳಚಲಿ. ಕಾಲಿಗೆ ಕಾಲು, ಲೆಕ್ಕ ಚುಕ್ತಾ!

ಮಧ್ಯಾಹ್ನ ಹೆಂಡತಿ ಪದ್ಮಾಕ್ಷಿ ಗಂಜಿ ತಂದಳು. ತೂಗುಹಾಕುವ ಗಂಜಿ ಪಾತ್ರೆಯನ್ನು ಗಾಡಿಯ ಹ್ಯಾಂಡಲಿಗೆ ತಗುಲಿಸಲು ಹೋದವಳು ಬೆಚ್ಚಿದಳು.

"ಚಕ್ರ ಯಾಕೆ ಅಲ್ಲಾಡ್ತದೆ?"

"ಅಲ್ಲಾಡಲಿ. ಅಪ್ಪ ಬಿದ್ದ ಹಾಗೆ ಅವನೂ ಬೀಳಲಿ."

"ನಿಮಗೆಂತ ಮಂಡೆ ಸಮ ಇಲ್ವಾ?" ಅವಳು ಪಾತ್ರೆಯನ್ನು ನೆಲಕ್ಕಿಟ್ಟಳು. "ನಿಮ್ಮನ್ನು ಪೊಲೀಸರು ಕೊಂಡುಹೋಗ್ತಾರೆ, ಅದಿರಲಿ. ಧನಿಗಳು ಸತ್ತರೆ ಆ ಹೆಣದ ಎದುರೂ ಮಾವ ಮುಟ್ಟಾಳೆ ತೆಗೆದೇ ನಿಲ್ಲಬೇಕು. ಮತ್ತೆ ಧನಿಗಳ ತಮ್ಮ ಇದೇ ಗಾಡಿ ಹತ್ತಿ, ಇದೇ ಶಬ್ದ ಮಾಡಿಕೊಂಡು ಬರ್ತಾರೆ. ನೀವು ತೀರಿಸಿದ್ದೆಂತ ಮಾರಾಯ್ರೇ?"

ಧರ್ಣಪ್ಪ ಆ ಮೋಟು ಕೊಳವೆಯನ್ನೇ ದುರುಗುಟ್ಟಿ ನೋಡುತ್ತಾ ಕುಳಿತ. ಆಮೇಲೆ ಎದ್ದು ನಟ್ಟು ಬಿಗಿದು, ಪಿನ್ನನ್ನು ಅದರ ಜಾಗದಲ್ಲಿ ಸಿಕ್ಕಿಸಿದ.

ಅವನ ಸಿಟ್ಟು ಇಳಿಯಿತೆಂದು ಯಾರೂ ತಿಳಿಯಬೇಡಿ. ಮಂಗಳೂರಿನಿಂದ ಬಸ್ಸಿನಲ್ಲಿ ಹೊಸ ವಾಲ್ವ್ ತರಿಸಿ ಕೂರಿಸಿದ. ಗುಜರಿಯಲ್ಲಿ ಬಿದ್ದಿದ್ದ ಹಳೆಯ ಸೈಲೆನ್ಸರೊಂದನ್ನು ಹುಡುಕಿ, ಬಡಿದು, ಬೆಸೆದು, ಒಂದೆಳೆ ಹೊಗೆಯೂ ಸೋರದಂತೆ ಸಂದುಗಳನ್ನು ಮುಚ್ಚಿದ. ಅಂಥ ಹಠದಿಂದ ಅವನು ಯಾವ ಗಾಡಿಯನ್ನೂ ರಿಪೇರಿ ಮಾಡಿದವನಲ್ಲ.

"ಯಾರು ಹೇಳಿದ್ದು ನಿನಗೆ ಇದನ್ನು ಹಾಕ್ಲಿಕ್ಕೆ?" ಗಾಡಿ ಒಯ್ಯಲು ಬಂದ ಹೆಗ್ಡೆಯವರು ಗದರಿದರು.

ಧರ್ಣಪ್ಪ ಸುಟ್ಟ ವಾಲ್ವನ್ನು ಅವರ ಅಂಗೈಯಲ್ಲಿಟ್ಟ. ಅದರ ಅಂಚನ್ನು ಇಲಿ ಕಡಿದಂತಿತ್ತು. "ಮುಂಡಾಜೆಯಿಂದ ತಳ್ಳಿಕೊಂಡು ಬರುವುದಾದರೆ ಹೇಳಿ ಧನಿಗಳೇ, ಈಗಲೇ ಕೊಯ್ದು ಕೊಡ್ತೇನೆ."

ಹೆಗ್ಡೆಯವರು ವಾಲ್ವನ್ನು ತಿರುಗಿಸಿ ನೋಡಿ ಕಿಸೆಗೆ ಹಾಕಿದರು. ಪೇಟೆಯ ಜನರೆದುರು ಬೆವರಿಳಿಸಿದ್ದು ಇನ್ನೂ ಮರೆತಿರಲಿಲ್ಲ. ಕಿಕ್ ಒತ್ತಿದರು. ಗಾಡಿ ಮೆತ್ತಗೆ ಗುರುಗುಟ್ಟುತ್ತಾ ರಸ್ತೆಗಿಳಿಯಿತು.

ಪಕ್ಕದ ಚಹಾದ ಅಂಗಡಿಯಲ್ಲಿ ಒಕ್ಕಲುಗಳು ಕಾಲು ಚಾಚಿ ಹರಟುತ್ತಿದ್ದರು. ಯಾರೂ ಏಳಲಿಲ್ಲ. ಮುಂದೆ ನಡುರಸ್ತೆಯಲ್ಲಿ ಜತ್ತಪ್ಪ ಕೋಲೂರಿಕೊಂಡು, ತಲೆಯ ಮೇಲೆ ಮುಟ್ಟಾಳೆ ಇಟ್ಟುಕೊಂಡು, ತನ್ನ ಪಾಡಿಗೆ ಹೋಗುತ್ತಿದ್ದ. ಗಾಡಿ ಅವನ ಬೆನ್ನ ಹಿಂದೆಯೇ ನಿಂತಿತು. ಒತ್ತಲು ಹಾರ್ನ್ ಇರಲಿಲ್ಲ. ಹೆಗ್ಡೆಯವರು ಕಾಲನ್ನು ನೆಲಕ್ಕೂರಿ ಬಾಯಿ ತೆರೆಯಲೇಬೇಕಾಯಿತು.

"ಸ್ವಲ್ಪ ದಾರಿ ಬಿಡು, ಜತ್ತಪ್ಪ."

ಮುದುಕ ತಿರುಗಿದ. "ಓ, ಧನಿಗಳಾ! ಶಬ್ದವೇ ಕೇಳಲಿಲ್ಲ ನೋಡಿ."

ಅಭ್ಯಾಸಬಲದಿಂದ ಅವನ ಕೈ ಮುಟ್ಟಾಳೆಗೆ ಹೋಯಿತು. ಚಹಾದ ಅಂಗಡಿಯಲ್ಲಿ ಕುಳಿತೇ ಇದ್ದವರ ಕಡೆಗೊಮ್ಮೆ, ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಮಗನ ಕಡೆಗೊಮ್ಮೆ ನೋಡಿದ. ಮುಟ್ಟಾಳೆಯನ್ನು ಹಣೆಯವರೆಗೆ ಎಳೆದು ಗಟ್ಟಿಯಾಗಿ ಕೂರಿಸಿಕೊಂಡ. ಆ ಕಾಲಿನಲ್ಲಿ ಕುಂಟುತ್ತಾ ಬದಿಗೆ ಸರಿಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಹೆಗ್ಡೆಯವರು ಕಾದರು.